ಫೈಲು ಮನೆಯದು, ಪ್ರಿಂಟು ಪೇಟೆಯದು: ಮನೆಯಲ್ಲೇ ಪಾಸ್‌ಪೋರ್ಟ್ ಫೋಟೋ ತೆಗೆಯುವವರಿಗೆ

ಪ್ರಶ್ನೆ: ನಮ್ಮದು ಕೊಡಗಿನ ಶನಿವಾರಸಂತೆ ಕಡೆಯ ಹಳ್ಳಿ. ಈ ವರ್ಷ ಮನೆಮಂದಿಗೆಲ್ಲ ಫೋಟೋ ಬೇಕಾಗಿ ಬಂದಿದೆ. ಮೈದುನ ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುತ್ತಿದ್ದಾನೆ. ನಾದಿನಿ ಅಮೆರಿಕದಲ್ಲಿದ್ದಾಳೆ, ಅತ್ತೆ ಅವಳ ಮನೆಗೆ ಹೋಗಲು ವೀಸಾ ಆಗಬೇಕು. ನನಗೂ ನನ್ನ ಒಂದೂವರೆ ವರ್ಷದ ಮಗಳಿಗೂ ಪಾಸ್‌ಪೋರ್ಟ್ ಮಾಡಿಸಬೇಕು. ಪ್ರತಿ ಸಲ 8 ಫೋಟೋಗೆ 100 ರೂಪಾಯಿ, ಮೇಲೆ ಬಸ್ಸು, ಮಳೆ. ಮಗುವಂತೂ ಸ್ಟುಡಿಯೋ ಲೈಟ್ ಕಂಡರೆ ಕಿರುಚುತ್ತದೆ. ಮೊಬೈಲಿನಲ್ಲಿ ಮನೆಯಲ್ಲೇ ತೆಗೆದರೆ ನಡೆಯುತ್ತದೆಯೇ? ಒಂದು ಪ್ರಿಂಟರ್ ಕೊಂಡುಬಿಡಲೇ?

ಉತ್ತರ: ನಡೆಯುತ್ತದೆ. ಪ್ರಿಂಟರ್ ಮಾತ್ರ ಕೊಳ್ಳಬೇಡಿ. ಫೋಟೋ ಮನೆಯಲ್ಲಿ ತೆಗೆಯಿರಿ, ಅಳತೆಗೆ ಕತ್ತರಿಸಿ ಫೈಲ್ ಸಿದ್ಧ ಮಾಡುವುದನ್ನೂ ಮನೆಯಲ್ಲೇ ಮಾಡಿ. ಕಾಗದಕ್ಕೆ ಇಳಿಸುವ ಕೆಲಸವೊಂದನ್ನು ಪೇಟೆಗೆ ಬಿಡಿ. ಮಡಿಕೇರಿಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದವನು ನಾನು. ಈ ಕೆಲಸದಲ್ಲಿ ಕಷ್ಟದ ಭಾಗ ಕ್ಯಾಮರಾ ಅಲ್ಲ, ಬೆಳಕು. ಆ ಬೆಳಕು ನಿಮ್ಮ ಜಗಲಿಯಲ್ಲಿ ಬಿಟ್ಟಿಯಾಗಿ ಬಿದ್ದಿದೆ. ಕಿರಿದಾದ ಕೋಣೆಯಲ್ಲಿ ಎರಡು ಲೈಟ್ ಇಟ್ಟುಕೊಂಡ ಸ್ಟುಡಿಯೋಗಿಂತ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ.

ಮೊದಲ ಉಳಿತಾಯ ಎಂದರೆ ಬೇಡದ ಕಡೆ ಫೋಟೋ ತೆಗೆಸದೇ ಇರುವುದು. ನಿಮ್ಮ ಸ್ವಂತ ಪಾಸ್‌ಪೋರ್ಟಿಗೆ ಫೋಟೋ ಒಯ್ಯುವ ಅಗತ್ಯವೇ ಇಲ್ಲ. ದೊಡ್ಡವರ ಫೋಟೋವನ್ನೂ ಬೆರಳಚ್ಚನ್ನೂ ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೌಂಟರಿನಲ್ಲೇ ತೆಗೆದುಕೊಳ್ಳುತ್ತಾರೆ. ಅಂಚೆ ಕಚೇರಿಯೊಳಗಿನ ಸೇವಾ ಕೇಂದ್ರಗಳಲ್ಲೂ ಇದೇ ಪದ್ಧತಿ. ಆಧಾರ್‌ಗೂ ಅಷ್ಟೇ, ಕೇಂದ್ರದಲ್ಲೇ ಕ್ಲಿಕ್ಕಿಸುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ 'ಪಾಸ್‌ಪೋರ್ಟಿಗೆ' ಎಂದು ಹೇಳಿ ಎಂಟು ಪ್ರತಿ ಮಾಡಿಸಿಕೊಂಡು ಹೋಗಿ, ಹಾಗೇ ವಾಪಸು ತರುತ್ತಾರೆ. ನಿಜವಾಗಿ ಫೋಟೋ ಒಯ್ಯಬೇಕಾದದ್ದು 4 ವರ್ಷದೊಳಗಿನ ಮಕ್ಕಳಿಗೆ: 4.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಅಗಲ, ಬಿಳಿ ಹಿನ್ನೆಲೆ. ಅಂದರೆ ನಿಮ್ಮ ಮನೆಯಲ್ಲಿ ಈಗ ಬೇಕಿರುವುದು ಮೂವರ ಫೋಟೋ, ಮೂರೂ ಬೇರೆ ಬೇರೆ ಅಳತೆ. ಒಂದೇ ದಿನ, ಒಂದೇ ಜಾಗದಲ್ಲಿ ಮೂವರದನ್ನೂ ತೆಗೆದು ಮುಗಿಸಬಹುದು.

ಈಗ ಬೆಳಕಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೊಂದು ಸರಿಯಾದರೆ ಮಿಕ್ಕಿದ್ದೆಲ್ಲ ಸುಲಭ.

ನೇರ ಬಿಸಿಲು ಬೇಡ. ಬಿಸಿಲಿನಲ್ಲಿ ಮೂಗಿನ ನೆರಳು ತುಟಿ ಮೇಲೆ ಬೀಳುತ್ತದೆ, ಕಣ್ಣು ಕಿರಿದಾಗುತ್ತದೆ. ಮೋಡ ಕವಿದ ದಿನ ಅಂಗಳದ ನಡುವೆ ನಿಲ್ಲಿಸಿದರೂ ಆಗುವುದಿಲ್ಲ. ಮೋಡದ ಬೆಳಕು ಮೆದು, ಒಪ್ಪೋಣ. ಆದರೆ ಅದು ಮೇಲಿನಿಂದ ಸುರಿಯುವ ಬೆಳಕು. ಹುಬ್ಬಿನ ಕೆಳಗೆ ಕಪ್ಪು ಗುಳಿ ಬಿದ್ದು, ಮನುಷ್ಯ ನಾಲ್ಕು ದಿನ ನಿದ್ದೆಗೆಟ್ಟವನ ಹಾಗೆ ಕಾಣುತ್ತಾನೆ. ನಮ್ಮ ಹೆಂಚಿನ ಮನೆಗಳ ಜಗಲಿ ಈ ಎರಡೂ ತೊಂದರೆಯನ್ನು ತಾನೇ ನಿವಾರಿಸುತ್ತದೆ. ಮಾಡಿನ ಸೂರು ಮೇಲಿನ ಬೆಳಕನ್ನು ತಡೆಯುತ್ತದೆ, ಅಂಗಳದ ಕಡೆಯಿಂದ ಬೆಳಕು ಎದುರಿಗೆ ಬಂದು ಮುಖದ ಮೇಲೆ ಸಮನಾಗಿ ಹರಡುತ್ತದೆ. ಕೂರುವವರ ಮುಖ ಅಂಗಳಕ್ಕೆ, ಬೆನ್ನು ಮನೆಯ ಗೋಡೆಗೆ. ನೀವು ಅಂಗಳದ ಅಂಚಿನಲ್ಲಿ ನಿಂತು ಒಳಗೆ ನೋಡುತ್ತಾ ತೆಗೆಯಿರಿ. ಕೂತವರ ಕಣ್ಣಿನ ಕರಿಗುಡ್ಡೆಯಲ್ಲಿ ಅಂಗಳದ ಬೆಳಕು ಒಂದು ಬಿಳಿ ಚೌಕವಾಗಿ ಕಾಣಬೇಕು. ಕಂಡರೆ ಬೆಳಕು ಸರಿ ಇದೆ ಎಂದೇ ಅರ್ಥ. ಕಾಣದಿದ್ದರೆ ಅವರನ್ನು ಒಂದಡಿ ಮುಂದಕ್ಕೆ ಕೂರಿಸಿ.

ಪೂರ್ವಕ್ಕೆ ಮುಖ ಮಾಡಿದ ಜಗಲಿಯಾದರೆ ಬೆಳಗ್ಗೆ ಬಿಸಿಲು ಒಳಗೇ ನುಗ್ಗುತ್ತದೆ, ಮಧ್ಯಾಹ್ನದ ಮೇಲೆ ತೆಗೆಯಿರಿ. ಪಡುವಣದ ಜಗಲಿಗೆ ಬೆಳಗ್ಗೆ. ಉತ್ತರದ ಜಗಲಿ ಇದ್ದವರು ಅದೃಷ್ಟವಂತರು, ವರ್ಷದ ಬಹುಪಾಲು ಯಾವ ಹೊತ್ತಾದರೂ ಆದೀತು.

ಮಳೆಗಾಲದಲ್ಲಿ ಆಗುತ್ತದೆಯೇ ಎಂದು ಕೇಳುವವರು ಬಹಳ. ಕೊಡಗಿನ ಮಂಜು ಫೋಟೋದವರಿಗೆ ವರ. ಆಕಾಶಕ್ಕೇ ಒಗೆದ ಪಂಚೆ ಕಟ್ಟಿದ ಹಾಗಿರುತ್ತದೆ, ಎಲ್ಲಿಂದಲೂ ಒಂದು ಗಟ್ಟಿ ನೆರಳು ಬೀಳುವುದಿಲ್ಲ. ತೊಂದರೆ ಏನೆಂದರೆ, ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ ಕವಿಯುತ್ತದೆ. ಬೆಳಕು ಕಮ್ಮಿಯಾದಾಗ ಮೊಬೈಲ್ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ, ಅಷ್ಟರಲ್ಲಿ ಕೈ ಅಲುಗಿದರೂ ಮುಖ ಅಲುಗಿದರೂ ಚಿತ್ರ ಮಸುಕು. ಹಾಗಾಗಿ ಮಳೆಗಾಲದಲ್ಲಿ ಹತ್ತರಿಂದ ಒಂದು ಗಂಟೆಯೊಳಗೆ ತೆಗೆದುಬಿಡಿ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಸ್ಟೂಲಿನ ಮೇಲೆ ನಾಲ್ಕು ಪುಸ್ತಕ ಪೇರಿಸಿ ಒರಗಿಸಿ, 3 ಸೆಕೆಂಡಿನ ಟೈಮರ್ ಹಾಕಿ. ಲೆನ್ಸನ್ನು ಒಣ ಹತ್ತಿಬಟ್ಟೆಯಲ್ಲಿ ಒರೆಸಿ. ಹೊರಗಿನ ಥಂಡಿಯಲ್ಲಿದ್ದ ಮೊಬೈಲನ್ನು ಒಲೆಯ ಬಿಸಿ ಇರುವ ಒಳಮನೆಗೆ ಒಯ್ದರೆ ಲೆನ್ಸ್ ಮೇಲೆ ಹಬೆ ಕೂರುವುದುಂಟು. ಕಣ್ಣಿಗೆ ಕಾಣದಷ್ಟು ತೆಳು ಹಬೆಯೂ ಫೋಟೋವನ್ನು ಹಾಲು ಬೆರೆಸಿದಂತೆ ಮಾಡುತ್ತದೆ. ಜಗಲಿಯ ಬಲ್ಬ್ ಹಾಕಬೇಡಿ. ಹಗಲಿನ ಬೆಳಕೂ ಹಳದಿ ಬಲ್ಬೂ ಸೇರಿದರೆ ಒಂದು ಕೆನ್ನೆ ನೀಲಿ, ಇನ್ನೊಂದು ಅರಿಶಿನ. ಅದನ್ನು ಆಮೇಲೆ ಯಾವ ಆಪ್‌ನಲ್ಲೂ ಸರಿಪಡಿಸಲು ಬರುವುದಿಲ್ಲ.

ನಮ್ಮ ಕಡೆಯ ಮನೆಗಳದ್ದೇ ಆದ ಇನ್ನೊಂದು ತೊಡಕಿದೆ. ಹೊರಗಿನಿಂದ ಬಂದ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ನಿಮ್ಮ ಜಗಲಿಯ ನೆಲ ಯಾವುದು? ಹಳೆಯ ಮನೆಯಾದರೆ ರೆಡ್ ಆಕ್ಸೈಡ್ ಇರಬೇಕು. ಒರೆಸಿ ಒರೆಸಿ ಕನ್ನಡಿಯಂತಾದ ಕೆಂಪು ನೆಲ. ಹೊರಗಿನ ಬೆಳಕು ಆ ನೆಲಕ್ಕೆ ಬಡಿದು ಕೆಂಪಾಗಿ ಮೇಲಕ್ಕೆ ಏಳುತ್ತದೆ. ಗಲ್ಲದ ಅಡಿ, ಮೂಗಿನ ಹೊಳ್ಳೆಯ ಸುತ್ತ, ಕುತ್ತಿಗೆ, ಎಲ್ಲ ಕಡೆ ಜ್ವರ ಬಂದವರ ಹಾಗೆ ಕೆಂಪು ಹತ್ತಿಕೊಳ್ಳುತ್ತದೆ. ನಮ್ಮ ಕಣ್ಣು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕ್ಯಾಮರಾ ಬಿಡುವುದಿಲ್ಲ. ಅಂಗಳದಂಚಿಗೇ ಕಾಫಿ ಗಿಡ, ಸಿಲ್ವರ್ ಓಕ್ ಬೆಳೆದಿದ್ದರೆ ಎದುರಿನಿಂದ ಹಸಿರು ಛಾಯೆ ಬೇರೆ. ಉಪಾಯ ಬಹಳ ಸರಳ. ಕೂರುವವರ ಮುಂದೆ ನೆಲದ ಮೇಲೆ ಒಂದು ಬಿಳಿ ಬೆಡ್‌ಶೀಟ್ ಅಥವಾ ಎರಡು ಪಂಚೆ ಹಾಸಿ. ಕೆಂಪು ಮುಚ್ಚಿಹೋಗುತ್ತದೆ, ಬಿಳಿ ಬಟ್ಟೆ ಬೆಳಕನ್ನು ಶುದ್ಧವಾಗಿ ಮೇಲೆ ಕಳಿಸಿ ಗಲ್ಲದ ಕೆಳಗಿನ ನೆರಳನ್ನೂ ಎತ್ತುತ್ತದೆ. ಸ್ಟುಡಿಯೋದಲ್ಲಿ ರಿಫ್ಲೆಕ್ಟರ್ ಎಂದು ದುಡ್ಡು ಕೊಟ್ಟು ತರುವ ವಸ್ತು ಮಾಡುವ ಕೆಲಸ ಇಷ್ಟೇ. ಮನೆ ಮುಂದೆ ಕಾಫಿ ಒಣಗಿಸುವ ಸಿಮೆಂಟ್ ಕಣ ಇರುವವರಿಗೆ ಬೇಸಿಗೆಯಲ್ಲಿ ಇನ್ನೂ ಅನುಕೂಲ. ಕಾಫಿ ಹರಡದೆ ಖಾಲಿ ಬಿದ್ದ ಕಣ ಜಗಲಿಯೊಳಗೆ ಧಾರಾಳ ಬೆಳಕು ಎಸೆಯುತ್ತದೆ, ಸಿಮೆಂಟಿನ ಬೂದಿಗೆ ಬಣ್ಣದ ದೋಷವೂ ಇಲ್ಲ.

ಹಿನ್ನೆಲೆಗೆ ಬಿಳಿ ಗೋಡೆ ಇದೆ ಎಂದು ನಂಬಿ ಕೂರಬೇಡಿ. ಮಳೆಗಾಲದಲ್ಲಿ ನಮ್ಮ ಗೋಡೆಗಳ ಮೇಲೆ ಬೂಷ್ಟು ಹಿಡಿದು ಬೂದು ಕಲೆ ಇರುತ್ತದೆ. ಪಂಚೆ ಕಟ್ಟಿದರೆ ಮಡಿಕೆಯ ಗೆರೆ ಕಾಣುತ್ತದೆ, ಇಸ್ತ್ರಿ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ದೊಡ್ಡ ಬಿಳಿ ಡ್ರಾಯಿಂಗ್ ಶೀಟ್ ಅಥವಾ ಚಾರ್ಟ್ ಪೇಪರ್ ಎರಡನ್ನು ಹಿಂದಿನಿಂದ ಟೇಪ್ ಹಾಕಿ ಸೇರಿಸಿ, ಇಲ್ಲವೇ ಒಂದು ಥರ್ಮೋಕೋಲ್ ಶೀಟ್ ತನ್ನಿ. ಜೋಡಿಸಿದ ಗೆರೆ ತಲೆಯ ಹಿಂದೆ ಬರದಂತೆ ನೋಡಿಕೊಳ್ಳಿ. ಕೂರುವವರಿಗೂ ಶೀಟಿಗೂ ನಡುವೆ ಎರಡು ಅಡಿಯಾದರೂ ಜಾಗ ಬಿಡಿ, ಅಂಟಿಕೊಂಡು ಕೂತರೆ ಕಿವಿಯ ಪಕ್ಕ ನೆರಳು ಬೀಳುತ್ತದೆ. ಹಾಗೆಂದು ಶೀಟನ್ನು ತೀರ ಒಳಗೆ ಒಯ್ದರೆ ಬೆಳಕು ಸಾಲದೆ ಬಿಳಿ ಬೂದಿಯಾಗಿ ಬರುತ್ತದೆ. ಆಗ ಮೊಬೈಲಿನ ಪರದೆಯಲ್ಲಿ ಮುಖದ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪವೇ ಮೇಲಕ್ಕೆ ಎಳೆಯಿರಿ. ಹಣೆ ಬೆಳ್ಳಗೆ ಸುಟ್ಟುಹೋಗುವ ಮೊದಲೇ ನಿಲ್ಲಿಸಿ.

ಹಿನ್ನೆಲೆ ಬಿಳಿ ಇರುವುದರಿಂದ ಬಟ್ಟೆ ಬಿಳಿ ಬೇಡ. ಭುಜವೇ ಕಾಣದೆ ತಲೆ ಮಾತ್ರ ತೇಲುತ್ತದೆ. ಗಾಢ ಬಣ್ಣದ್ದು ಹಾಕಿ.

ಮೊಬೈಲಿನ ಮುಂದಿನ ಕ್ಯಾಮರಾ, ಅಂದರೆ ಸೆಲ್ಫಿ ತೆಗೆಯುವುದು, ಈ ಕೆಲಸಕ್ಕೆ ಬೇಡವೇ ಬೇಡ. ಕೈ ಚಾಚಿದರೆ ಮುಖ ಒಂದೂವರೆ ಅಡಿ ದೂರ. ಮೂಗಿನ ತುದಿಗೂ ಕಿವಿಗೂ ಸುಮಾರು 10 ಸೆಂ.ಮೀ. ಅಂತರ ಇರುತ್ತದೆ. 40 ಸೆಂ.ಮೀ. ದೂರದಿಂದ ತೆಗೆದಾಗ ಮೂಗು 40ರಲ್ಲಿ, ಕಿವಿ 50ರಲ್ಲಿ. ಅಷ್ಟು ಹತ್ತಿರದಲ್ಲಿ ಆ ವ್ಯತ್ಯಾಸ ದೊಡ್ಡದು, ಮೂಗು ಉಬ್ಬಿ ಕಿವಿ ಹಿಂದಕ್ಕೆ ಅಡಗುತ್ತದೆ. ಒಂದೂವರೆ ಮೀಟರ್ ದೂರಕ್ಕೆ ಹೋದರೆ ಅದೇ 10 ಸೆಂ.ಮೀ. ಲೆಕ್ಕಕ್ಕೇ ಬರುವುದಿಲ್ಲ, ಮುಖ ಮುಖದ ಹಾಗೇ ಬರುತ್ತದೆ. ಆದ್ದರಿಂದ ಹಿಂದಿನ ಕ್ಯಾಮರಾ, ಐದು ಅಡಿ ದೂರ, ಎರಡರಷ್ಟು ಜೂಮ್, ಲೆನ್ಸ್ ಕೂತವರ ಕಣ್ಣಿನ ಮಟ್ಟಕ್ಕೆ. ಬ್ಯೂಟಿ, ಪೋರ್ಟ್ರೇಟ್, ಫಿಲ್ಟರ್ ಎಲ್ಲ ಆಫ್. ಕೆಲವು ಮೊಬೈಲ್‌ಗಳಲ್ಲಿ ಬ್ಯೂಟಿ ತಾನಾಗೇ ಆನ್ ಇರುತ್ತದೆ, ಸೆಟ್ಟಿಂಗ್‌ಗೆ ಹೋಗಿ ನೋಡಿ. ಐಫೋನ್ ಇದ್ದವರು ಕ್ಯಾಮರಾ ಫಾರ್ಮ್ಯಾಟ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿಕೊಂಡರೆ ಫೋಟೋ, ಅರ್ಜಿಗಳು ಕೇಳುವ ಜೆಪೆಗ್ ಎಂಬ ಬಗೆಯ ಫೈಲಾಗಿಯೇ ಉಳಿಯುತ್ತದೆ.

ಇನ್ನು ಒಬ್ಬೊಬ್ಬರ ವಿಷಯ. ಮಗುವಿನಿಂದ ಶುರು ಮಾಡೋಣ, ಕಷ್ಟದ್ದು ಅದೇ.

ಕೂಸು ನಿದ್ದೆ ಮಾಡಿ ಎದ್ದು, ಹೊಟ್ಟೆ ತುಂಬಿ, ಆಟದ ಲಹರಿಯಲ್ಲಿರುವ ಹೊತ್ತು ನಿಮಗೇ ಗೊತ್ತಿರುತ್ತದೆ. ಆ ಹೊತ್ತಿಗೆ ಮುಂಚೆಯೇ ಶೀಟು, ಸ್ಟೂಲು, ಮೊಬೈಲು ಎಲ್ಲ ಸಿದ್ಧವಿರಲಿ. ಮಗುವನ್ನು ಕೂರಿಸಿದ ಮೇಲೆ ನಿಮ್ಮ ಕೈಯಲ್ಲಿ ಎರಡು ನಿಮಿಷವೂ ಇರುವುದಿಲ್ಲ. ದೃಷ್ಟಿಬೊಟ್ಟು ಇಟ್ಟಿದ್ದರೆ ಒರೆಸಿ. ಕೆನ್ನೆಯ ಮೇಲಿನ ಕಾಡಿಗೆಯ ದೊಡ್ಡ ಬೊಟ್ಟು ಪಾಸ್‌ಪೋರ್ಟಿನಲ್ಲಿ 5 ವರ್ಷ ಮಚ್ಚೆಯಾಗಿ ಕೂರುತ್ತದೆ. ಕಣ್ಣಿನ ಕಾಡಿಗೆಯೂ ಆ ದಿನ ಬೇಡ, ಸ್ವಲ್ಪ ಅತ್ತರೂ ಕೆನ್ನೆಗೆಲ್ಲ ಇಳಿಯುತ್ತದೆ. ಒಂದೂವರೆ ವರ್ಷದ್ದು ತಾನೇ ಕೂರುತ್ತದೆ, ಆದರೆ ಸ್ಟೂಲಿನ ಮೇಲೆ ಒಂಟಿಯಾಗಿ ಬಿಡಬೇಡಿ. ನೆಲದ ಮೇಲೆ ಹಾಸಿದ ಬಿಳಿ ಬಟ್ಟೆಯ ಮೇಲೆಯೇ ಕೂರಿಸಿ, ಶೀಟನ್ನು ಹಿಂದೆ ನಿಲ್ಲಿಸಿ. ಮನೆಯವರು ಒಬ್ಬರು ಪಕ್ಕದಲ್ಲಿ ಫ್ರೇಮಿನ ಆಚೆ ಇರಲಿ. ಫೋಟೋ ತೆಗೆಯುವವರು ನೆಲದ ಮೇಲೆ ಮಲಗಿಯಾದರೂ ಲೆನ್ಸನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸಬೇಕು. ನಿಂತು ಮೇಲಿನಿಂದ ತೆಗೆದರೆ ಹಣೆ ದೊಡ್ಡದಾಗಿ ಗಲ್ಲವೇ ಮಾಯ.

ಮಗುವನ್ನು ಕರೆಯುವವರು ಎಲ್ಲಿ ನಿಲ್ಲುತ್ತಾರೆ ಎಂಬುದು ಮುಖ್ಯ. ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಮುಖ ಪಕ್ಕಕ್ಕೇ ತಿರುಗುತ್ತದೆ. ಲೆನ್ಸಿನ ಹಿಂದೆ, ಅದಕ್ಕಿಂತ ಒಂದು ಗೇಣು ಮೇಲೆ ನಿಮ್ಮ ಮುಖ ಇರಲಿ. ಗಿಲಕಿ ಆಡಿಸಿದರೆ ನಗುತ್ತದೆ, ಬಾಯಿ ತೆರೆಯುತ್ತದೆ. ಆಮೇಲೆ ಗಿಲಕಿ ನಿಲ್ಲಿಸಿ ಸುಮ್ಮನಾಗಿ. ಸದ್ದು ನಿಂತ ಮರುಕ್ಷಣ ಮಗು ಬಾಯಿ ಮುಚ್ಚಿ, ಕಣ್ಣರಳಿಸಿ 'ಏನಾಯಿತು' ಎಂದು ನೋಡುತ್ತದೆ. ನಮಗೆ ಬೇಕಾದ್ದು ಆ ನೋಟ. ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಬೇಗಬೇಗ ತೆಗೆಯುವ ಬರ್ಸ್ಟ್ ಇರುತ್ತದೆ, ಅದನ್ನು ಬಳಸಿ, ಆಮೇಲೆ ಆರಿಸಿಕೊಳ್ಳಿ. ಫ್ಲ್ಯಾಶ್ ಬೇಡ. ಇನ್ನೂ ಕೂರಲಾರದ ಎಳೆಗೂಸಾದರೆ ಬಿಳಿ ಬಟ್ಟೆ ಹಾಸಿದ ಚಾಪೆಯ ಮೇಲೆ ಅಂಗಾತ ಮಲಗಿಸಿ ಮೇಲಿನಿಂದ ತೆಗೆಯಬೇಕು. ನಿಮ್ಮ ನೆರಳು ಬೀಳದಂತೆ ಮಗುವಿನ ತಲೆ ಒಳಗೆ, ಕಾಲು ಅಂಗಳದ ಕಡೆ ಬರುವ ಹಾಗೆ ಮಲಗಿಸಿ, ಪಕ್ಕದಿಂದ ಬಾಗಿ. ಎತ್ತಿ ಹಿಡಿದವರ ಕೈ, ಬಳೆ, ಸೆರಗಿನ ತುದಿ ಯಾವುದೂ ಫ್ರೇಮಿನೊಳಗೆ ಇರಬಾರದು.

ಅತ್ತೆಯವರ ಅಮೆರಿಕ ವೀಸಾ ಫೋಟೋ ಚೌಕ: 2 ಇಂಚಿಗೆ 2 ಇಂಚು, ಅಂದರೆ 51 ಮಿ.ಮೀ. ನಮ್ಮ ಮಾಮೂಲಿ ಪಾಸ್‌ಪೋರ್ಟ್ ಅಳತೆ ಅಲ್ಲಿ ನಡೆಯುವುದಿಲ್ಲ. ಗಲ್ಲದಿಂದ ನೆತ್ತಿಯವರೆಗೆ, ಕೂದಲೂ ಸೇರಿ, 25ರಿಂದ 35 ಮಿ.ಮೀ. ಇರಬೇಕು. ಅಂದರೆ ಚಿತ್ರದ ಎತ್ತರದ ಶೇ 50ರಿಂದ 69. ಹಿನ್ನೆಲೆ ಬಿಳಿ ಅಥವಾ ಬಿಳಿಗೆ ಹತ್ತಿರದ ಬಣ್ಣ. ಕಳೆದ 6 ತಿಂಗಳೊಳಗೆ ತೆಗೆದದ್ದಾಗಿರಬೇಕು. ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿಗೆ ಹಾಕುವ ಫೈಲು ಜೆಪೆಗ್, ಕನಿಷ್ಠ 600×600, ಗರಿಷ್ಠ 1200×1200 ಪಿಕ್ಸೆಲ್, 240 ಕೆಬಿ ಮೀರಬಾರದು. ಕನ್ನಡಕಕ್ಕೆ ಅವರು 2016ರ ನವೆಂಬರ್ 1ರಿಂದಲೇ ಅವಕಾಶ ತೆಗೆದುಹಾಕಿದ್ದಾರೆ. ಇಲ್ಲಿಯೇ ವಯಸ್ಸಾದವರಿಗೆ ತೊಂದರೆ ಬರುವುದು. ದಿನವಿಡೀ ಕನ್ನಡಕ ಹಾಕುವವರು ಅದನ್ನು ತೆಗೆದ ಕೂಡಲೇ ಕಣ್ಣು ಕಿರಿದು ಮಾಡುತ್ತಾರೆ, ಮೂಗಿನ ಎರಡೂ ಬದಿ ಒತ್ತಿದ ಗುರುತು ಬೇರೆ. ಫೋಟೋಗೆ ಹದಿನೈದು ನಿಮಿಷ ಮೊದಲೇ ಕನ್ನಡಕ ತೆಗೆಸಿಡಿ. ತೆಗೆಯುವಾಗ 'ಅತ್ತೆ, ಕಣ್ಣು ಮುಚ್ಚಿ' ಎಂದು ಹೇಳಿ, ಒಂದು ಎರಡು ಮೂರು ಎಣಿಸಿ, ಬಿಟ್ಟಾಗ ಕ್ಲಿಕ್ ಮಾಡಿ. ಆಗ ತಾನೇ ತೆರೆದ ಕಣ್ಣು ಅಗಲವಾಗಿರುತ್ತದೆ.

ತಲೆ ಮೇಲಿನ ಸೆರಗು ಇಳಿಸಬೇಕು. ಕೊಡವ ಮನೆಗಳ ಹಿರಿಯ ಹೆಂಗಸರು ತಲೆಗೆ ವಸ್ತ್ರ ಕಟ್ಟುತ್ತಾರೆ, ಗಂಡಸರು ಸಮಾರಂಭದ ಪೇಟವಾದ ಮಂಡೆತುಣಿಯಲ್ಲಿ ತೆಗೆಸಿಕೊಂಡ ಒಳ್ಳೆಯ ಫೋಟೋವನ್ನೇ ಕತ್ತರಿಸಿ ಹಾಕಲು ನೋಡುತ್ತಾರೆ. ಸಂಪ್ರದಾಯದ ಉಡುಪು ಎಂಬ ಕಾರಣಕ್ಕೆ ಅದು ಒಪ್ಪಿಗೆಯಾಗುವುದಿಲ್ಲ. ಧರ್ಮದ ಕಾರಣಕ್ಕೆ ದಿನವೂ ತಲೆ ಮುಚ್ಚಿಕೊಳ್ಳುವವರಿಗೆ ವಿನಾಯಿತಿ ಇದೆ. ಅವರದ್ದೂ ಗಲ್ಲದಿಂದ ಹಣೆಯವರೆಗೆ ಮುಖ ಪೂರ್ತಿ ಕಾಣಬೇಕು, ಬಟ್ಟೆಯ ನೆರಳು ಮುಖದ ಮೇಲೆ ಬೀಳಬಾರದು. ಕುಂಕುಮ, ಮೂಗುತಿ, ಓಲೆ ಇರಲಿ. ಹರಳಿನ ಮೂಗುತಿ ಫಳ್ಳನೆ ಹೊಳೆದರೆ ತಲೆಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸಾಕು, ಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ ತಲೆ ಬೈತಲೆಯ ಬಳಿ ಬೆಳ್ಳಗೆ ಮಿನುಗುತ್ತದೆ. ಆ ದಿನ ಎಣ್ಣೆ ಕಮ್ಮಿ ಮಾಡಿ, ಹಣೆ ಮೂಗನ್ನು ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ.

ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚಿನ ಜೊತೆಗೆ ಅವರೂ ಒಂದು ಫೋಟೋ ತೆಗೆಯುತ್ತಾರೆ. ಆದರೂ ಅರ್ಜಿಗೆ ಫೈಲು ಬೇಕು, ಕಾಗದದ ಎರಡು ಪ್ರತಿ ಕೈಚೀಲದಲ್ಲಿರಲಿ. ಅರ್ಜಿ ತುಂಬುವಾಗ ಆ ಜಾಲತಾಣವೇ ಫೋಟೋ ಪರೀಕ್ಷಿಸಿ ಸರಿ ಇದೆಯೋ ಇಲ್ಲವೋ ಹೇಳುತ್ತದೆ. ಸರಿಯಿಲ್ಲ ಎಂದರೆ ಮರುದಿನ ಮತ್ತೆ ಜಗಲಿಗೆ ಬನ್ನಿ, ಖರ್ಚೇನೂ ಇಲ್ಲ. ಮನೆಯಲ್ಲಿ ಮಾಡುವ ದೊಡ್ಡ ಲಾಭ ನನ್ನ ಪ್ರಕಾರ ಇದು. ಉಳಿಯುವ ನೂರು ರೂಪಾಯಿಗಿಂತ, ಇನ್ನೊಮ್ಮೆ ತೆಗೆಯುವ ಸ್ವಾತಂತ್ರ್ಯ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಹಿನ್ನೆಲೆಯನ್ನು ತಾನಾಗಿ ಬಿಳಿ ಮಾಡುವ, ಚರ್ಮ ನುಣುಪು ಮಾಡುವ, ಕೃತಕ ಬುದ್ಧಿಮತ್ತೆಯಿಂದ 'ಸುಧಾರಿಸುವ' ಆಪ್‌ಗಳನ್ನು ಪಾಸ್‌ಪೋರ್ಟ್ ವೀಸಾ ಫೋಟೋಗೆ ಮುಟ್ಟಿಸಬೇಡಿ. ಅಮೆರಿಕದವರು ಇಂಥ ತಿದ್ದಿದ ಚಿತ್ರ ಒಪ್ಪುವುದಿಲ್ಲ ಎಂದು ನೇರವಾಗಿಯೇ ಬರೆದಿದ್ದಾರೆ. ಹಿನ್ನೆಲೆ ತೆಗೆಯುವ ಆಪ್ ಗುಂಗುರು ಕೂದಲಿನ ಅಂಚನ್ನೂ ಕಿವಿಯ ಹಾಲೆಯನ್ನೂ ಕಚ್ಚಿ ತಿನ್ನುತ್ತದೆ. ಮಚ್ಚೆ, ಗಾಯದ ಕಲೆ ಅಳಿಸಿದರೆ ಅಳಿಸಿದ್ದು ನಿಮ್ಮ ಗುರುತನ್ನೇ. ವಿಮಾನ ನಿಲ್ದಾಣದಲ್ಲಿ ಯಂತ್ರ ಹೋಲಿಸಿ ನೋಡುವುದು ಈ ಚಿತ್ರವನ್ನು, ಎದುರಿಗೆ ನಿಂತ ಮುಖದ ಜೊತೆ. ಕತ್ತರಿಸುವುದು, ಅಳತೆಗೆ ಇಳಿಸುವುದು, ಅಷ್ಟಕ್ಕೆ ನಿಲ್ಲಿಸಿ.

ಮೈದುನನ ಬ್ಯಾಂಕ್ ಅರ್ಜಿಗೆ ಬರೋಣ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆ ಕೇಳುವ ಫೋಟೋ 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ, ಬಿಳಿ ಕಾಗದದ ಮೇಲೆ ಕಪ್ಪು ಶಾಯಿ. ಇಲ್ಲಿ ಹುಡುಗರು ಒಂದೇ ಕಡೆ ಎಡವುತ್ತಾರೆ. ಪಾಸ್‌ಪೋರ್ಟ್ ಅಳತೆಯ, ಅಂದರೆ 35×45 ಮಿ.ಮೀ. ಫೋಟೋ ಕೈಯಲ್ಲಿರುತ್ತದೆ, ಅದನ್ನೇ 200×230ಕ್ಕೆ ಎಳೆಯುತ್ತಾರೆ. ಎರಡರ ಉದ್ದಗಲದ ಪ್ರಮಾಣವೇ ಬೇರೆ. 35ನ್ನು 45ರಿಂದ ಭಾಗಿಸಿದರೆ 0.78, 200ನ್ನು 230ರಿಂದ ಭಾಗಿಸಿದರೆ 0.87. ಹಾಗೆ ಎಳೆದಾಗ ಮುಖ ನೂರಕ್ಕೆ ಹನ್ನೆರಡರಷ್ಟು ಅಗಲವಾಗಿ ಊದಿಕೊಳ್ಳುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಎದುರಿಗೆ ನಿಂತವನ ಮುಖಕ್ಕೂ ಹಾಲ್‌ಟಿಕೆಟ್‌ನ ಮುಖಕ್ಕೂ ತಾಳೆಯಾಗದಿದ್ದರೆ ಒದ್ದಾಡುವವನು ಅವನೇ. ಮೊದಲು ಮೂಲ ಚಿತ್ರದಿಂದ 200:230 ಪ್ರಮಾಣದಲ್ಲೇ ಕತ್ತರಿಸಿ, ಆಮೇಲೆ ಅಳತೆ ಇಳಿಸಿ. ಎಳೆಯುವುದು, ಹಿಗ್ಗಿಸುವುದು ಬೇಡ.

ಇನ್ನೊಂದು, ಫೈಲು ದೊಡ್ಡದಾಯಿತೆಂದು ಗಾಬರಿಯಾಗುವವರೇ ಹೆಚ್ಚು. ಇಷ್ಟು ಸಣ್ಣ ಚಿತ್ರದಲ್ಲಿ ಅದು 20 ಕೆಬಿಗಿಂತ ಕೆಳಗೆ ಇಳಿದು ತಿರಸ್ಕೃತವಾಗುವುದೂ ಉಂಟು. ಗಿಂಪ್ ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ ಜೆಪೆಗ್ ಆಗಿ ಉಳಿಸುವಾಗ ಗುಣಮಟ್ಟದ ಪಟ್ಟಿಯನ್ನು ಎಳೆದಂತೆ ಫೈಲು ಎಷ್ಟು ಕೆಬಿ ಆಗುತ್ತದೆಂದು ಅಲ್ಲೇ ನೋಡಬಹುದು. ಪ್ರಮಾಣ ಕಟ್ಟಿ ಕತ್ತರಿಸುವ ಸೌಲಭ್ಯವೂ ಅದರಲ್ಲಿದೆ. ಕಂಪ್ಯೂಟರಿನಲ್ಲಿ ಇರುವ ಪೇಂಟ್‌ನಲ್ಲೂ ಪಿಕ್ಸೆಲ್ ಲೆಕ್ಕದಲ್ಲಿ ಅಳತೆ ಇಳಿಸಲು ಬರುತ್ತದೆ.

'ಫೋಟೋ 50 ಕೆಬಿ ಮಾಡಿಕೊಡುತ್ತೇವೆ' ಎನ್ನುವ ಬಿಟ್ಟಿ ಜಾಲತಾಣಗಳಿಗೆ ಮಾತ್ರ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬ್ಯಾಂಕ್ ಅರ್ಜಿಗೆ ಮುಖ, ಸಹಿ, ಎಡಗೈ ಹೆಬ್ಬೆರಳಿನ ಗುರುತು ಮೂರೂ ಬೇಕು. ಮೂರನ್ನೂ ಒಂದೇ ಕೂತಲ್ಲಿ ಯಾವನೋ ಗುರುತಿಲ್ಲದವನ ಕಂಪ್ಯೂಟರಿಗೆ ಹಾಕಿ ಕೊಡುವುದೆಂದರೆ ಹುಡುಗನ ಇಡೀ ಗುರುತನ್ನು ಗಂಟು ಕಟ್ಟಿ ಕೊಟ್ಟ ಹಾಗೆ. ಸೈಬರ್ ಕೆಫೆಯಲ್ಲಿ ಮಾಡಿಸಿದರೂ, ಕೆಲಸ ಮುಗಿದ ಮೇಲೆ ಡೆಸ್ಕ್‌ಟಾಪ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಿಸಿಯೇ ಏಳಬೇಕು. ಕೇಳಲು ಸಂಕೋಚ ಬೇಡ.

ಈಚೆಗೆ ಕೆಲವು ನೇಮಕಾತಿ ಅರ್ಜಿಗಳು ಸಿದ್ಧ ಫೈಲಿನ ಬದಲು, ಅಥವಾ ಅದರ ಜೊತೆಗೆ, ಆ ಕ್ಷಣದಲ್ಲೇ ಕ್ಯಾಮರಾ ಮುಂದೆ ಕೂತು ತೆಗೆಯುವ ಫೋಟೋ ಕೇಳುತ್ತವೆ. ಅದಕ್ಕೂ ಇದೇ ಜಗಲಿ, ಇದೇ ಶೀಟು. ರಾತ್ರಿ ಹನ್ನೊಂದಕ್ಕೆ ಟ್ಯೂಬ್‌ಲೈಟ್ ಕೆಳಗೆ ಅರ್ಜಿ ತುಂಬಬೇಡ, ಹಗಲು ಕೂರು ಎಂದು ಹೇಳಿ. ಅರ್ಜಿಗೆ ಹಾಕಿದ ಫೋಟೋದ ಕಾಗದದ ಪ್ರತಿಗಳನ್ನೂ ಇಟ್ಟುಕೊಂಡಿರಲಿ. ಹಾಲ್‌ಟಿಕೆಟ್ ಮೇಲೆ ಅದೇ ಫೋಟೋ ಅಂಟಿಸಬೇಕಾಗುತ್ತದೆ.

ಇನ್ನು ಪ್ರಿಂಟ್. ಪ್ರಿಂಟರ್ ಕೊಳ್ಳಬೇಡಿ ಎಂದದ್ದಕ್ಕೆ ಕಾರಣ ಅಪರೂಪದ ಬಳಕೆ, ಜೊತೆಗೆ ನಮ್ಮ ಹವೆ. ವರ್ಷಕ್ಕೆ ನಾಲ್ಕೈದು ಸಲ ಬಳಸುವ ಇಂಕ್‌ಜೆಟ್‌ನ ಮೂತಿ ಶಾಯಿ ಒಣಗಿ ಕಟ್ಟುತ್ತದೆ, ತೊಳೆಸಿದಾಗೆಲ್ಲ ಶಾಯಿ ಖರ್ಚು. ಫೋಟೋ ಕಾಗದದ ಕಟ್ಟು ಒಡೆದಿಟ್ಟರೆ ಜೂನ್ ತಿಂಗಳಲ್ಲೇ ಥಂಡಿ ಎಳೆದುಕೊಂಡು ಸುರುಳಿ ಸುತ್ತುತ್ತದೆ. ಒದ್ದೆ ಬೆರಳು ತಾಗಿದರೆ ಸಾಕು, ಎಷ್ಟೋ ಮನೆ ಪ್ರಿಂಟುಗಳ ಬಣ್ಣ ಕದಡುತ್ತದೆ. ಮಗುವಿನ ಫೋಟೋವನ್ನು ಸೇವಾ ಕೇಂದ್ರದಲ್ಲಿ ಸ್ಕ್ಯಾನ್ ಮಾಡುತ್ತಾರೆ, ಕದಡಿದ್ದು ಕದಡಿದಂತೆಯೇ ಒಳಗೆ ಹೋಗುತ್ತದೆ. ಪೇಟೆಯ ಸ್ಟುಡಿಯೋದಲ್ಲಿ 4×6 ಇಂಚಿನ ಒಂದು ಪ್ರಿಂಟಿಗೆ, ಅಂದರೆ ಅವರು ಮ್ಯಾಕ್ಸಿ ಎನ್ನುವ ಅಳತೆಗೆ, ಕೊಡುವ ದುಡ್ಡು ಎಂಟು ಪಾಸ್‌ಪೋರ್ಟ್ ಫೋಟೋ ತೆಗೆಸುವುದಕ್ಕಿಂತ ಬಹಳ ಕಮ್ಮಿ.

ಆ ಒಂದು ಹಾಳೆಯಲ್ಲಿ ಎಂಟು ಫೋಟೋ ಕೂರುತ್ತವೆ. ಹಾಳೆ 152×102 ಮಿ.ಮೀ. ಅಡ್ಡಕ್ಕೆ 35ರ ನಾಲ್ಕು ಎಂದರೆ 140, ಉದ್ದಕ್ಕೆ 45ರ ಎರಡು ಎಂದರೆ 90. ಸುತ್ತ 6 ಮಿ.ಮೀ. ಅಂಚು ಉಳಿಯುತ್ತದೆ. ಆ ಅಂಚು ಇರಲೇಬೇಕು, ಯಾಕೆಂದರೆ ಪ್ರಿಂಟ್ ಯಂತ್ರಗಳು ಅಂಚಿನಲ್ಲಿ ಒಂದೆರಡು ಮಿ.ಮೀ. ತಿಂದುಬಿಡುತ್ತವೆ. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಹಾಳೆ 1800×1200 ಪಿಕ್ಸೆಲ್, ಒಂದೊಂದು ಫೋಟೋ 413×531. ಅಮೆರಿಕದ ಅಳತೆಯದ್ದು ಲೆಕ್ಕಕ್ಕೆ ಸರಿಯಾಗಿ ಆರು ಹಿಡಿಯುತ್ತದೆ, ಆದರೆ ಅಂಚೇ ಉಳಿಯುವುದಿಲ್ಲ. ಎರಡನ್ನು ಮಾತ್ರ ಹಾಳೆಯ ನಡುವೆ ಇಡಿ.

ಹಾಳೆಯ ಕೆಳ ಅಂಚಿನಲ್ಲಿ 591 ಪಿಕ್ಸೆಲ್ ಉದ್ದದ ಒಂದು ತೆಳು ಗೆರೆ ಎಳೆದಿಡಿ. ಅದು ಪ್ರಿಂಟಾದಾಗ ಸರಿಯಾಗಿ 50 ಮಿ.ಮೀ. ಬರಬೇಕು. ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಿ. 52 ಬಂದರೆ ಯಂತ್ರ ಚಿತ್ರವನ್ನು ಹಿಗ್ಗಿಸಿದೆ. 'ಫಿಟ್ ಟು ಪೇಜ್ ತೆಗೆದು, ಇದ್ದ ಅಳತೆಯಲ್ಲೇ ಕೊಡಿ' ಎಂದು ಹೇಳಿ ಇನ್ನೊಂದು ಹಾಕಿಸಿ. ಬಣ್ಣವನ್ನೂ ಹೊರಗಿನ ಬೆಳಕಿನಲ್ಲಿ ನೋಡಿಯೇ ದುಡ್ಡು ಕೊಡಿ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ವಾಟ್ಸ್ಆಪ್‌ನಲ್ಲೇ ಕಳಿಸಬೇಕೆಂದರೆ ಗ್ಯಾಲರಿಯಿಂದ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಹಿಂಡಿ ಅಳತೆ ಕುಗ್ಗಿಸುತ್ತದೆ. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಸೊಟ್ಟ, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಬ್ಲೇಡಿನಲ್ಲಿ ಎಳೆಯಿರಿ.

ಕತ್ತರಿಸದ ಮೂಲ ಚಿತ್ರಗಳನ್ನು ಹೆಸರು, ತಿಂಗಳು, ವರ್ಷ ಬರೆದು ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಪ್ಯಾನ್ ಕಾರ್ಡ್ ಅರ್ಜಿಗೆ 3.5×2.5 ಸೆಂ.ಮೀ. ಬೇಕು, ಮತದಾರರ ಪಟ್ಟಿಯ ಅರ್ಜಿಗೆ 4.5×3.5. ಮುಖದ ಸುತ್ತ ಧಾರಾಳ ಜಾಗ ಬಿಟ್ಟು ತೆಗೆದ ಒಂದೇ ಚಿತ್ರದಿಂದ ಎರಡನ್ನೂ ಕತ್ತರಿಸಿಕೊಳ್ಳಬಹುದು. ದೊಡ್ಡವರ ಫೋಟೋ ಆರು ತಿಂಗಳು ಬಳಸಿ. ನಿಮ್ಮ ಮಗಳದ್ದನ್ನು ಮಾತ್ರ ಪಾಸ್‌ಪೋರ್ಟ್ ಅಪಾಯಿಂಟ್‌ಮೆಂಟ್ ದಿನ ಗೊತ್ತಾದ ಮೇಲೆ, ಅದೇ ವಾರ ತೆಗೆಯಿರಿ. ಆ ವಯಸ್ಸಿನ ಮುಖ ಎರಡು ತಿಂಗಳಿಗೇ ಬದಲಾಗಿರುತ್ತದೆ.